ಅಪ್ಪನ 206, ಒಂಬತ್ತು ಪದರ ಬಣ್ಣ ಮತ್ತು ಸುಕ್ಕುಗಟ್ಟಿದ ಬಾಗಿಲು

ಫೆಬ್ರವರಿಯ ಎರಡನೇ ಭಾನುವಾರ ಬೆಳಿಗ್ಗೆ ಎಂಟೂವರೆಗೆ ಅಪ್ಪನ ಹಳೇ ಪಿಕಪ್ ಗಾಡಿಯ ಎಡಗಡೆ ಬಾಗಿಲಿಗೆ ಬಣ್ಣದ ಎರಡನೇ ಕೋಟ್ ಬಿತ್ತು. ಐದು ನಿಮಿಷ ಚೆನ್ನಾಗಿತ್ತು. ಆಮೇಲೆ ಹ್ಯಾಂಡಲ್ ಕೆಳಗೆ ಸಣ್ಣಗೆ ಒಂದು ಗೆರೆ ಎದ್ದಿತು. ಅದರ ಪಕ್ಕ ಇನ್ನೊಂದು. ನೋಡನೋಡುತ್ತಲೇ ಬಾಗಿಲಿನ ಅರ್ಧ ಭಾಗ, ಕಾಯಿಸಿದ ಹಾಲಿನ ಕೆನೆಯನ್ನು ಊದಿದರೆ ಹೇಗೆ ಮಡಿಕೆ ಮಡಿಕೆಯಾಗುತ್ತದೋ ಹಾಗೆ ಸುಕ್ಕುಗಟ್ಟಿಹೋಯಿತು. ಪೇಂಟರ್ ಭಾಯ್ ಸ್ಪ್ರೇ ಗನ್ ಕೆಳಗಿಟ್ಟರು. ಮಾಸ್ಕ್ ಮೇಲೆತ್ತಿಕೊಂಡು, "ನಾನ್ ಕೇಳ್ದೆ ಅಲ್ವೇನಪ್ಪಾ, ಇದನ್ನೂ ಪೂರ್ತಿ ಕೆರ್ದಿದ್ದೀಯಾ ಅಂತ" ಅಂದರು.

ಕೇಳಿದ್ದರು. ಕೆರೆದಿದ್ದೀನಿ ಅಂತ ನಾನೇ ಹೇಳಿದ್ದೆ. ಕೆರೆದಿರಲಿಲ್ಲ.

ಆ ಸುಳ್ಳು ಎಲ್ಲಿಂದ ಬಂತು ಅಂತ ಹೇಳಬೇಕಾದರೆ ಗಾಡಿಯ ಕಥೆಯಿಂದಲೇ ಶುರು ಮಾಡಬೇಕು.

ನಮ್ಮದು ತಿಪಟೂರು ಕಡೆ ಹಳ್ಳಿ. ತೆಂಗು, ಕೊಬ್ಬರಿ. ಅಪ್ಪ 1996ರಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಟಾಟಾ ಮೊಬೈಲ್ 206 ಪಿಕಪ್, 1992ರ ಮಾಡೆಲ್. ಆಗಿನ್ನೂ ಟಾಟಾ ಮೋಟಾರ್ಸ್ ಅನ್ನುವ ಹೆಸರಿರಲಿಲ್ಲ, ಟೆಲ್ಕೊ. ಅವರು 1986ರಲ್ಲಿ 407 ಲಾರಿ ಬಿಟ್ಟರು, 1988ರಲ್ಲಿ ಈ 206 ಬಿಟ್ಟರು. ಇದೇ ಬುಡದ ಮೇಲೆ 1991ರಲ್ಲಿ ಸಿಯೆರಾ ಕಾರು ಬಂತು, ಮರುವರ್ಷ ಎಸ್ಟೇಟ್ ಬಂತು. ಸಿಯೆರಾ ಅಂದರೆ ಈಗಿನ ಹುಡುಗರು ಕಣ್ಣರಳಿಸುತ್ತಾರೆ, ಅದರ ಅಣ್ಣನಂಥ 206 ಮಾತ್ರ ಗುಜರಿ ಅಂಗಡಿಯಲ್ಲಿ ಕೆಜಿ ಲೆಕ್ಕಕ್ಕೆ ಹೋಗುತ್ತದೆ. ಎಂಜಿನ್ ಹೆಸರು 483 ಡಿಎಲ್. ನಾಲ್ಕು ಸಿಲಿಂಡರ್, 83 ಮಿಲಿಮೀಟರ್ ಬೋರ್, ಎರಡು ಲೀಟರ್‌ಗೆ ಚೂರು ಕಮ್ಮಿ. ಅಷ್ಟು ಸರಳವಾಗಿ ಹೆಸರಿಡುತ್ತಿದ್ದ ಕಾಲ ಅದು. ಎಂಜಿನ್ ಕೆಲಸದ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ. ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಹೊಸ ಬ್ಯಾಟರಿ ಕೂರಿಸಿ ಒಂದು ಸಂಜೆ ಪೂರ್ತಿ ಡೀಸೆಲ್ ಪಂಪ್‌ನ ಗಾಳಿ ತೆಗೆದ ಮೇಲೆ ಊರಿಗೆಲ್ಲ ಹೊಗೆ ಹಾಕಿಕೊಂಡು ಸ್ಟಾರ್ಟ್ ಆಯಿತು. ತೊಂದರೆ ಇದ್ದದ್ದು ತಗಡಿನಲ್ಲಿ.

2014ರಿಂದ ಗಾಡಿ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿತ್ತು. ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮುಗಿದಿತ್ತು. ಹಳದಿ ಬೋರ್ಡ್ ಗಾಡಿಗೆ ಎಫ್‌ಸಿ ಇಲ್ಲ ಅಂದರೆ ಕಾನೂನಿನ ಕಣ್ಣಿಗೆ ಅದು ನೋಂದಣಿಯೇ ಇಲ್ಲದ ಗಾಡಿ. ರೋಡಿಗೆ ಇಳಿಸಿ ತಿಪಟೂರಿನ ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಹಾಗಿಲ್ಲ. ಹಾಗಾಗಿ ಕೆಲಸವೆಲ್ಲ ಮನೆಯಲ್ಲೇ ಅಂತ ತೀರ್ಮಾನವಾಯಿತು. ಹವ್ಯಾಸ ಅಂತ ಶುರು ಮಾಡಿದ್ದಲ್ಲ, ದಾರಿ ಇರಲಿಲ್ಲ. ಒಬ್ಬರು ಇದನ್ನು ವಿಂಟೇಜ್ ಅಂತ ಮಾಡಿಸು ಅಂದರು. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ದಾಟಿರಬೇಕು. ಅಂದರೆ 2042. ಅಷ್ಟು ವರ್ಷ ತುಕ್ಕು ಕಾಯಲ್ಲ.

ಈಗ ಎಫ್‌ಸಿ ಪೇಂಟ್ ವಿಷಯ. ಹಳೇ ಸರಕು ಗಾಡಿ ಇಟ್ಟವರಿಗೆಲ್ಲ ಇದು ಗೊತ್ತು. ವರ್ಷ ವರ್ಷ ಎಫ್‌ಸಿ ಮಾಡಿಸಬೇಕು, ಇನ್‌ಸ್ಪೆಕ್ಟರ್ ಮುಂದೆ ಗಾಡಿ ಹೊಸದರ ಹಾಗೆ ಕಾಣಬೇಕು. ಹಿಂದಿನ ದಿನ ವಾಟರ್ ಸರ್ವೀಸ್ ಮಾಡಿಸಿ, ತುಕ್ಕಿನ ಮೇಲೆ ಎರಡು ಕೈ ಪುಟ್ಟಿ ಎಳೆದು, ಎರಡು ಡಬ್ಬ ಸಿಂಥೆಟಿಕ್ ಎನಾಮಲ್ ಹೊಡೆದು, ಚಾಸಿಗೆ ಹಳೇ ಎಂಜಿನ್ ಆಯಿಲ್‌ಗೆ ಡೀಸೆಲ್ ಬೆರೆಸಿ ಬಳಿದರೆ ಕಪ್ಪಗೆ ಮಿರಮಿರ ಮಿಂಚುತ್ತದೆ. ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ ರೇಡಿಯಂ ಪಟ್ಟಿ ಅಂಟಿಸಿದರೆ ಮುಗಿಯಿತು. ಅಪ್ಪ ಇದನ್ನು ಸುಮಾರು ಹದಿನೈದು ವರ್ಷ ಮಾಡಿದ್ದಾರೆ. ನಾನು ಇಡೀ ಗಾಡಿ ಕೆರೆಯುತ್ತೀನಿ ಅಂದಾಗ ಜಗಲಿ ಮೇಲೆ ಕೂತು, "ಎರಡು ಡಬ್ಬ ಬಣ್ಣ, ಒಬ್ಬ ಹುಡುಗ, ಒಂದು ದಿನ. ಅದಕ್ಯಾಕೆ ನಾಲ್ಕು ತಿಂಗಳು?" ಅಂತ ಕೇಳಿದರು. ಅವರ ಲೆಕ್ಕ ತಪ್ಪಲ್ಲ. ಆ ಬಣ್ಣ ಮುಂದಿನ ಎಫ್‌ಸಿವರೆಗೆ ಬಂದರೆ ಸಾಕಾಗಿತ್ತು.

ನವೆಂಬರ್‌ನಲ್ಲಿ ಮಳೆ ನಿಂತ ಮೇಲೆ ಶುರು ಮಾಡಿದೆ. ಮೊದಲ ಎರಡು ದಿನ ಏನೂ ಬಿಚ್ಚಲಿಲ್ಲ, ಬರೀ ನೋಡಿದೆ. ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಹಳೇ ಸ್ಪೀಕರ್‌ನಿಂದ ಕಿತ್ತ ಮ್ಯಾಗ್ನೆಟ್. ಮ್ಯಾಗ್ನೆಟ್‌ಗೆ ತೆಳ್ಳಗಿನ ಬಟ್ಟೆ ಸುತ್ತಿ ತಗಡಿನ ಮೇಲೆ ಆಡಿಸಿದರೆ ಲೋಹ ಇರುವ ಕಡೆ ಗಟ್ಟಿಯಾಗಿ ಹಿಡಿಯುತ್ತದೆ, ಪುಟ್ಟಿ ದಪ್ಪಗಿರುವ ಕಡೆ ಜಾರಿ ಬೀಳುತ್ತದೆ. ಬಲಗಡೆ ಮಡ್‌ಗಾರ್ಡ್‌ನಲ್ಲಿ ಎರಡು ಅಂಗೈ ಅಗಲ ಜಾಗದಲ್ಲಿ ಮ್ಯಾಗ್ನೆಟ್ ನಿಲ್ಲಲೇ ಇಲ್ಲ. ಆಮೇಲೆ ಕೆರೆದಾಗ ಅಲ್ಲಿ ಬೆರಳಿನಷ್ಟು ದಪ್ಪ ಪುಟ್ಟಿ ಇತ್ತು. ಅದರ ಹಿಂದೆ ತಗಡೇ ಇರಲಿಲ್ಲ, ಒಂದು ಸಿಮೆಂಟ್ ಚೀಲದ ತುಂಡು ಇಟ್ಟು ಅದರ ಮೇಲೆ ಮೆತ್ತಿದ್ದರು! ಯಾರು ಮಾಡಿದ್ದು ಅಂತ ಅಪ್ಪನನ್ನು ಕೇಳಿದೆ. ಅಪ್ಪ ಎಲೆಅಡಿಕೆ ತಟ್ಟೆ ಕಡೆ ತಿರುಗಿದರು.

ಬಾಗಿಲುಗಳ ಕೆಳಗಿನ ಅಂಚಿನಲ್ಲಿ ನೀರು ಬಸಿಯುವ ತೂತುಗಳಿರುತ್ತವೆ. ಗ್ಲಾಸ್ ಮೇಲೆ ಬಿದ್ದ ಮಳೆನೀರು ಬಾಗಿಲಿನ ಒಳಗೆ ಇಳಿದೇ ಇಳಿಯುತ್ತದೆ, ಅದು ಹೊರಗೆ ಹೋಗುವ ದಾರಿ ಅದೊಂದೇ. ನಮ್ಮ ಗಾಡಿಯಲ್ಲಿ ಎರಡೂ ಬಾಗಿಲಿನ ಎಲ್ಲ ತೂತೂ ಮುಚ್ಚಿದ್ದವು. ಒಳಗಿಂದ ತೆಂಗಿನ ನಾರಿನ ಪುಡಿ, ಹೊರಗಿಂದ ಎಫ್‌ಸಿ ಪೇಂಟ್. ಅಂದರೆ ಗಾಡಿ ಚೆನ್ನಾಗಿ ಕಾಣಲಿ ಅಂತ ವರ್ಷ ವರ್ಷ ಹೊಡೆದ ಬಣ್ಣವೇ ನೀರು ಒಳಗೆ ನಿಲ್ಲುವ ಹಾಗೆ ಮಾಡಿ ಬಾಗಿಲನ್ನು ಒಳಗಿಂದ ತಿಂದಿತ್ತು. ಇದನ್ನು ಅರ್ಥ ಮಾಡಿಕೊಂಡ ದಿನ ನನಗೆ ತುಂಬಾ ಬುದ್ಧಿ ಬಂದ ಹಾಗನ್ನಿಸಿತ್ತು. ಆದರೂ ಫೆಬ್ರವರಿಯಲ್ಲಿ ಎಡಗಡೆ ಬಾಗಿಲಿನ ಮೇಲೆ ಅದನ್ನೇ ಮಾಡಿದೆ, ಅದು ಬೇರೆ ಮಾತು.

ಹಿಂದಿನ ಬಾಡಿಯ ಕಥೆ ಇನ್ನೊಂದು. ಕೊಬ್ಬರಿ ಸಾಗಿಸಿದ್ದರೆ ಅದು ಹಾಳಾಗುತ್ತಿರಲಿಲ್ಲ. ಉಂಡೆ ಕೊಬ್ಬರಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ ಬರುವ ಸಾಮಾನು, ಅದರಲ್ಲಿ ನೀರೆಲ್ಲಿ ಬಂತು? ಆದರೆ ಬೇಸಿಗೆಯಲ್ಲಿ ತೋಟಕ್ಕೆ ಕೊಟ್ಟಿಗೆ ಗೊಬ್ಬರ ಹೊಡೆಯುತ್ತಿದ್ದರು. ಹಸಿ ಗೊಬ್ಬರದಲ್ಲಿ ನೀರೂ ಇರುತ್ತದೆ, ಗಂಜಲದ ಉಪ್ಪೂ ಇರುತ್ತದೆ. ಮೂಲೆಯಲ್ಲಿ ಒಂದು ಹಿಡಿ ಉಳಿದರೂ ಅದು ಮುಂದಿನ ಮಳೆಗಾಲದವರೆಗೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಎರಡು ಮೂಲೆಯಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು.

ಬಿಚ್ಚುವ ಕೆಲಸ ಮೂರು ವಾರ. ಬೋಲ್ಟ್‌ಗಳಿಗೆ ಹಿಂದಿನ ರಾತ್ರಿ ರಸ್ಟ್ ಸ್ಪ್ರೇ ಹೊಡೆದು ಬಿಟ್ಟು ಬೆಳಿಗ್ಗೆ ಬಿಚ್ಚುತ್ತಿದ್ದೆ. ಆದರೂ ಏಳು ಬೋಲ್ಟ್ ಮುರಿದವು. ಪ್ರತಿ ಭಾಗದ ನಟ್ಟು ಬೋಲ್ಟ್ ಬೇರೆ ಬೇರೆ ಕವರಿನಲ್ಲಿ ಹಾಕಿ ಚೀಟಿ ಅಂಟಿಸಿ, ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ. ಇದನ್ನು ಎಲ್ಲರೂ ಹೇಳುತ್ತಾರೆ, ಮೂರನೇ ದಿನಕ್ಕೆ ಎಲ್ಲರೂ ಬಿಟ್ಟುಬಿಡುತ್ತಾರೆ. ನಾನೂ ಬಿಟ್ಟೆ. ಡ್ಯಾಶ್‌ಬೋರ್ಡಿನ ಸ್ಕ್ರೂಗಳು ಇನ್ನೂ ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿವೆ.

ವೆಲ್ಡಿಂಗ್ ನನ್ನ ಕೈಲಾಗುವ ಕೆಲಸ ಅಲ್ಲ. ಟಿಂಕರಿಂಗ್, ಅಂದರೆ ಗಾಡಿ ತಗಡಿನ ಕೆಲಸ ಮಾಡುವವರನ್ನು ಮನೆಗೇ ಕರೆಸಿದೆ. ನಮ್ಮ ಕಡೆ ಗೇಟು, ಗ್ರಿಲ್ ಮಾಡುವವರು ಆರ್ಕ್ ವೆಲ್ಡಿಂಗ್‌ನಲ್ಲೇ ಎಲ್ಲಾ ಮಾಡುತ್ತೀನಿ ಅಂತಾರೆ. ಗಾಡಿ ತಗಡಿಗೆ ಅದು ಬೇಡ, ಮುಚ್ಚಲು ಹೋದ ತೂತು ಎರಡರಷ್ಟಾಗುತ್ತದೆ. ಸಿಒಟು ವೆಲ್ಡಿಂಗ್ ಮೆಷಿನ್ ತಂದವರು ಸಿಕ್ಕಿದರು. ಕ್ಯಾಬಿನ್ ನೆಲಕ್ಕೆ, ಬಾಗಿಲಿನ ಕೆಳ ಅಂಚಿಗೆ, ಬಾಡಿ ಮೂಲೆಗೆ 18 ಗೇಜ್ ತಗಡು. ಒಂದೇ ಸಮ ಎಳೆಯದೆ ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ ಹಾಕುತ್ತಾ, ನಡುವೆ ತಣ್ಣಗಾಗಲು ಬಿಡುತ್ತಾ ಹೋದರು. ಇಲ್ಲದಿದ್ದರೆ ಬಿಸಿಗೆ ತಗಡು ಅಂಕುಡೊಂಕಾಗಿ ತಿರುಚಿಕೊಳ್ಳುತ್ತದೆ. ಡೀಸೆಲ್ ಟ್ಯಾಂಕ್ ಇಳಿಸಿ ತೋಟದ ಆ ತುದಿಗೆ ಇಟ್ಟಿದ್ದೆ. ಬ್ಯಾಟರಿ ಕನೆಕ್ಷನ್ ತೆಗೆದಿದ್ದೆ. ಐದು ದಿನ, 14,500 ರೂಪಾಯಿ. ಇಡೀ ಕೆಲಸದಲ್ಲಿ ಇದೊಂದೇ ದುಡ್ಡು ಕೊಡುವಾಗ ನನಗೆ ಎರಡನೇ ಯೋಚನೆ ಬರಲಿಲ್ಲ.

ಆಮೇಲೆ ಕೆರೆಯುವುದು. ಬೆಂಗಳೂರಿನಲ್ಲಿ ಮರಳು ಹೊಡೆದು ಬಣ್ಣ ತೆಗೆಯುವವರಿದ್ದಾರೆ. ಚಾಸಿಗೆ ಅದು ಸರಿ. ಬಾನೆಟ್‌ನಂಥ ಅಗಲ ತಗಡಿಗೆ ಜೋರಾಗಿ ಹೊಡೆದರೆ ಅದು ಅಲೆಅಲೆಯಾಗಿಬಿಡುತ್ತದೆ. ಹಾಗಾಗಿ ಕೈಯಲ್ಲೇ. ಅಗಲ ಜಾಗಕ್ಕೆ ಪೇಂಟ್ ರಿಮೂವರ್, ಮೂಲೆಗೆ ತಂತಿ ಬ್ರಶ್, ಉಳಿದದ್ದಕ್ಕೆ ಉಪ್ಪು ಕಾಗದ. ರಿಮೂವರ್ ಚರ್ಮಕ್ಕೆ ತಾಗಿದರೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯುತ್ತದೆ, ಮನೆಯೊಳಗೆ ಬಳಸಲೇಬಾರದು. ಇನ್ನೊಂದು ವಿಷಯ, ಹಳೇ ಎನಾಮಲ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಿಯುವ ಬಣ್ಣಕ್ಕೇ ನಮ್ಮಲ್ಲಿ ಸೀಸದ ಮಿತಿ ಕಾನೂನಾಗಿ ಬಂದದ್ದು 2017ರ ನವೆಂಬರ್‌ನಲ್ಲಿ. ಹಾಗಾಗಿ ಒಣ ಕೆರೆತ ಮಾಡಲಿಲ್ಲ, ನೀರು ಚಿಮುಕಿಸಿಕೊಂಡೇ ಉಜ್ಜಿದೆ. ಕೆಳಗೆ ಟಾರ್ಪಾಲ್ ಹಾಸಿ ಪುಡಿಯನ್ನೆಲ್ಲ ಒಟ್ಟು ಮಾಡಿ ಹಳೇ ಡಬ್ಬದಲ್ಲಿ ಮುಚ್ಚಿಟ್ಟೆ. ಕೋಳಿಗಳನ್ನು ನಾಲ್ಕು ವಾರ ಹಿತ್ತಲಿಗೆ ಬಿಡಲಿಲ್ಲ. ಅಮ್ಮನಿಗೆ ಕೋಪ ಬಂದದ್ದು ಆ ಒಂದೇ ವಿಷಯಕ್ಕೆ.

ಬಾಗಿಲಿನ ಕಂಬದ ಹತ್ತಿರ ಒಂದು ಕಡೆ 180 ನಂಬರ್ ಉಪ್ಪು ಕಾಗದ, ಆಮೇಲೆ ಅದಕ್ಕಿಂತ ನುಣ್ಣಗಿನ 400 ಹಿಡಿದು ಸುಮ್ನೆ ದುಂಡಗೆ ಉಜ್ಜುತ್ತಾ ಹೋದೆ. ಒಂದು ರೂಪಾಯಿ ಅಗಲದ ಲೋಹ ಕಂಡಾಗ ನಿಲ್ಲಿಸಿದೆ. ಅದರ ಸುತ್ತ ಈರುಳ್ಳಿ ಕುಯ್ದ ಹಾಗೆ ಬಳೆಗಳು. ಎಣಿಸಿದರೆ ಒಂಬತ್ತು. ಒಳಗೆ ತಿಳಿ ಬೂದು ಪ್ರೈಮರ್, ಅಂದರೆ ತಳದ ಬಣ್ಣ. ಅದರ ಮೇಲೆ ಕಂಪನಿಯ ಮೂಲ ಬಣ್ಣ, ತಿಳಿ ನೀಲಿ, ಅದರಲ್ಲಿ ಒಂದು ಹನಿ ಬೂದು ಬೆರೆತ ಹಾಗೆ. ಆಮೇಲೆ ಕಡು ನೀಲಿ, ರೆಡ್ ಆಕ್ಸೈಡ್, ಮತ್ತೆ ಬೇರೆ ನೀಲಿ, ಒಂದು ಬಿಳಿ ಪುಟ್ಟಿ ಪದರ, ಹೀಗೆ. ಎಲ್ಲಾ ನೀಲಿಯೇ, ಯಾವ ಎರಡೂ ಒಂದೇ ಅಲ್ಲ. ಆರ್‌ಸಿಯಲ್ಲಿ ಬಣ್ಣ ಅನ್ನುವ ಕಡೆ ಬರೀ ನೀಲಿ ಅಂತ ಬರೆದಿತ್ತಲ್ಲ, ಅಂಗಡಿಯಲ್ಲಿ ಆ ದಿನ ಯಾವ ನೀಲಿ ಸಿಕ್ಕಿತೋ ಅದು. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಉಗುರಿನಲ್ಲಿ ಒಂದು ಬಳೆ ಮುಟ್ಟಿ, "ಇದು ನಿಮ್ಮ ಅಕ್ಕನ ಮದುವೆ ವರ್ಷದ್ದು. ಗಂಡಿನ ಕಡೆಯವರು ಬರ್ತಾರೆ ಅಂತ ಒಳ್ಳೇ ಡಬ್ಬ ತಂದಿದ್ದೆ" ಅಂದರು. ನಿಜ, ಆ ಬಳೆ ಬೇರೆಯವಕ್ಕಿಂತ ದಪ್ಪಗಿತ್ತು.

ಆ ದಿನದಿಂದ ಅಪ್ಪ ಜಗಲಿ ಬಿಟ್ಟು ಶೆಡ್ಡಿನಲ್ಲಿ ಸ್ಟೂಲ್ ಹಾಕಿಕೊಂಡು ಕೂರಲು ಶುರು ಮಾಡಿದರು.

ಬಣ್ಣ ಯಾವುದು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಆರ್‌ಸಿಯಲ್ಲಿರುವ ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ಅದನ್ನು ನಮೂದು ಮಾಡಿಸಬೇಕು, ಆ ಓಡಾಟ ಬೇಡ. ಮೂಲ ನೀಲಿಯೇ ಸಾಕು. ಬಿಸಿಲು ಕಾಣದ ಜಾಗದಲ್ಲಿ ಮೂಲ ಬಣ್ಣ ಹಾಗೇ ಉಳಿದಿರುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಕೆಳಗೆ, ಗ್ಲೋವ್ ಬಾಕ್ಸ್ ಹಿಂದೆ. ಗ್ಲೋವ್ ಬಾಕ್ಸ್ ಹಿಂದಿದ್ದ ಒಂದು ಸಣ್ಣ ಬ್ರಾಕೆಟ್ ಬಿಚ್ಚಿ, ಒರೆಸಿ, ತುಮಕೂರಿನ ಬಣ್ಣದ ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿ ಮೆಷಿನ್ ಹಿಡಿದು ಅಳೆದರು. ಬಂದ ಬಣ್ಣ ಸ್ವಲ್ಪ ಹಸಿರಿಗೆ ಎಳೆಯುತ್ತಿತ್ತು. ಕೌಂಟರಿನ ಹಿಂದಿದ್ದ ವಯಸ್ಸಾದವರೊಬ್ಬರು ಡಬ್ಬ ಬಿಸಿಲಿಗೆ ತಂದು, ಒಂದು ಕಡ್ಡಿಯಲ್ಲಿ ಎರಡು ಹನಿ ಬೇರೇನೋ ಹಾಕಿ ಕಲಸಿ ಸರಿ ಮಾಡಿದರು. ಬಣ್ಣ ನೋಡುವುದಿದ್ದರೆ ಟ್ಯೂಬ್‌ಲೈಟ್ ಕೆಳಗೆ ಒಪ್ಪಿಕೊಳ್ಳಬೇಡಿ, ಹೊರಗೆ ಬನ್ನಿ.

ಸಂಕ್ರಾಂತಿ ಕಳೆದ ಮೇಲೆ ಪ್ರೈಮರ್. ನಮ್ಮ ಕಡೆ ಎಲ್ಲದಕ್ಕೂ ರೆಡ್ ಆಕ್ಸೈಡ್ ಬಳಿಯುವ ಅಭ್ಯಾಸ. ಅದನ್ನು ಹಚ್ಚಿ ಬಣ್ಣ ಹೊಡೆಯದೆ ಮಳೆಗೆ ಬಿಟ್ಟರೆ ನೀರು ಒಳಗೆ ಹೋಗುತ್ತದೆ. ಪಕ್ಕದ ಮನೆಯ ಗೇಟು ನೋಡಿದರೆ ಗೊತ್ತಾಗುತ್ತದೆ. ಬರಿ ಲೋಹಕ್ಕೆ ಟೂ ಪ್ಯಾಕ್, ಅಂದರೆ ಎರಡು ಡಬ್ಬದ್ದು ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಹಾಕಿದೆ. ಲೋಹ ಕೆರೆದ ದಿನವೇ ಹಾಕಬೇಕು, ರಾತ್ರಿ ಇಬ್ಬನಿ ಬಿದ್ದರೆ ಬೆಳಿಗ್ಗೆ ಕೈ ಮುಟ್ಟಿದ ಕಡೆಯೆಲ್ಲ ಬೆರಳಿನ ಗುರುತಿನ ತುಕ್ಕು ನಿಂತಿರುತ್ತದೆ. ಪುಟ್ಟಿ ಎಪಾಕ್ಸಿಯ ಮೇಲೆ. ಟೂ ಪ್ಯಾಕ್ ಪುಟ್ಟಿಯನ್ನು ಮಾತ್ರ ಒಣದಾಗಿಯೇ ಉಜ್ಜಿದೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು. ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಆ ನೀರು ಆಮೇಲೆ ಬಣ್ಣದ ಕೆಳಗೆ ಗುಳ್ಳೆಯಾಗಿ ಏಳುತ್ತದೆ.

ಎಡಗಡೆ ಬಾಗಿಲಿಗೆ ಬಂದದ್ದು ಕೊನೆಗೆ. ಜನವರಿ ಕೊನೆ. ಭುಜ ಎತ್ತಲಾಗುತ್ತಿರಲಿಲ್ಲ. ಆ ಬಾಗಿಲು ನೋಡಲು ಚೆನ್ನಾಗಿತ್ತು. ಕೆಳಗಿನ ನಾಲ್ಕು ಇಂಚು ಹೊಸ ತಗಡು, ಅದರ ಮೇಲಿನ ಹಳೇ ಬಣ್ಣ ಗಟ್ಟಿಯಾಗಿ, ನುಣ್ಣಗೆ, ಎಲ್ಲೂ ಎದ್ದಿರಲಿಲ್ಲ. ಉಗುರು ಹಾಕಿದರೂ ಬರಲಿಲ್ಲ. ಇಷ್ಟು ಚೆನ್ನಾಗಿ ಹಿಡಿದಿರುವುದನ್ನು ಯಾಕೆ ಕೆರೆಯಬೇಕು ಅಂತ 400 ನಂಬರ್‌ನಲ್ಲಿ ಮೇಲೆ ಮೇಲೆ ಉಜ್ಜಿ, ತೆಳ್ಳಗೆ ಒಂದು ಕೋಟ್ ಎಪಾಕ್ಸಿ ಹೊಡೆದುಬಿಟ್ಟೆ. ಪ್ರೈಮರ್ ಬಿದ್ದ ಮೇಲೆ ಎರಡೂ ಬಾಗಿಲು ಒಂದೇ ಬೂದು. ಬಲಗಡೆಯದಕ್ಕೆ ನಾನು ಆರು ದಿನ ಕೊಟ್ಟಿದ್ದೆ, ಎಡಗಡೆಯದಕ್ಕೆ ಒಂದು ಮಧ್ಯಾಹ್ನ. ನೋಡಿದವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ಪೇಂಟರ್ ಭಾಯ್ ಬಂದು ಕೇಳಿದಾಗ ಹೂಂ ಅಂದೆ. ಕೇಳಿದ ತಕ್ಷಣ ಹೂಂ ಬಂತು, ಯೋಚನೆ ಮಾಡಲು ಹೋಗಲೇ ಇಲ್ಲ.

ಭಾಯ್ ಬಗ್ಗೆ ಒಂದು ಮಾತು. ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ನೋಡಿದ್ದಾರೆ. ಲಾರಿ, ಟೆಂಪೋ, ಊರ ಹಬ್ಬದ ತೇರಿನ ಚಕ್ರ, ಎಲ್ಲಕ್ಕೂ ಬಣ್ಣ ಹೊಡೆದ ಕೈ. ಮೇಲಿನ ಬಣ್ಣ ಪಿಯು (ಪಾಲಿಯುರೆಥೇನ್), ಅಂದರೆ ಗಟ್ಟಿಯಾಗಲು ಹಾರ್ಡನರ್ ಬೆರೆಸುವಂಥದ್ದು. ಅದನ್ನು ನಾನೇ ಹೊಡೆಯುತ್ತೀನಿ ಅಂತ ಹಠ ಮಾಡಲಿಲ್ಲ. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಕೆಲವರಿಗೆ ಜೀವನಪೂರ್ತಿ ಉಬ್ಬಸ ಹಿಡಿಯುತ್ತದೆ, ಆಮೇಲೆ ಅದರ ಗಾಳಿ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ವಾಸನೆ ಬಂದರೆ ದೂರ ಹೋಗೋಣ ಅನ್ನುವ ಹಾಗಿಲ್ಲ, ವಾಸನೆ ಗೊತ್ತಾಗುವ ಮೊದಲೇ ಒಳಗೆ ಹೋಗಿರುತ್ತದೆ. ಭಾಯ್ ಇಷ್ಟು ವರ್ಷ ಮೂಗಿಗೆ ಕರ್ಚೀಫ್ ಕಟ್ಟಿಕೊಂಡೇ ಹೊಡೆದವರು. ಬಟ್ಟೆಯಾಗಲಿ, ಕೊರೊನಾ ಕಾಲದ ಮಾಸ್ಕ್ ಆಗಲಿ ಇದಕ್ಕೆ ಲೆಕ್ಕಕ್ಕಿಲ್ಲ. ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಕೊಡುವ ಮಾಸ್ಕ್ ಸರಿಯಾದದ್ದು. ಅದು ನಮಗೆ ಸಿಗಲಿಲ್ಲ. ಎರಡು ಕಾರ್ಟ್ರಿಡ್ಜ್ ಇರುವ ಮಾಸ್ಕ್, ಕನ್ನಡಕ, ಮೈತುಂಬಾ ಸೂಟ್ ತಂದು, ಶೆಡ್ಡಿನ ಎರಡು ಕಡೆ ತೆರೆದಿಟ್ಟು, ಪ್ರತಿ ಸಲ ಹೊಸ ಕಾರ್ಟ್ರಿಡ್ಜ್ ಹಾಕಿದೆವು. 4,800 ರೂಪಾಯಿ ಆಯಿತು. "ನನ್ ಉಸಿರಿಗೆ ಇಷ್ಟ್ ರೇಟ್ ಯಾರೂ ಕಟ್ಟಿರ್ಲಿಲ್ಲ ಕಣಪ್ಪ" ಅಂತ ಭಾಯ್ ನಕ್ಕರು. ನನಗೆ ನಗು ಬರಲಿಲ್ಲ.

ಸರಿ, ಬಾಗಿಲು ಸುಕ್ಕುಗಟ್ಟಿತು. ಭಾಯ್ ಬೈಯಲಿಲ್ಲ. ಒಂದು ಬಟ್ಟೆ ತುಂಡನ್ನು ಬಣ್ಣ ಕರಗಿಸುವ ಎನ್‌ಸಿ ತಿನ್ನರ್‌ನಲ್ಲಿ ಅದ್ದಿ, ಬಾಗಿಲಿನ ಒಳಬದಿಯಲ್ಲಿ ಹೊಸ ಬಣ್ಣ ಬೀಳದ ಕಡೆ ಅಂಟಿಸಿ, "ಎರಡು ನಿಮಿಷ ನೋಡು" ಅಂದರು. ಬಟ್ಟೆ ತೆಗೆದಾಗ ಅದರ ಕೆಳಗಿನ ಬಣ್ಣ ಬೇಸಿಗೆಯ ಬೆಲ್ಲದ ಹಾಗೆ ಮೆತ್ತಗಾಗಿತ್ತು. ಬೆರಳಿನಲ್ಲಿ ತಳ್ಳಿದರೆ ಮಡಿಕೆಯಾಗಿ ಬಂತು. ಅದೇ ಬಟ್ಟೆಯನ್ನು ಕಂಪನಿಯ ಮೂಲ ಬಣ್ಣ ಉಳಿದಿದ್ದ ಗ್ಲೋವ್ ಬಾಕ್ಸ್ ಹಿಂದೆ ಇಟ್ಟರು. ಅಲ್ಲಿ ಹೊಳಪು ಚೂರು ಕಮ್ಮಿಯಾದದ್ದು ಬಿಟ್ಟರೆ ಏನೂ ಆಗಲಿಲ್ಲ.

ಕಾರಣ ಇಷ್ಟೇ. ಕಂಪನಿಯಲ್ಲಿ ಬಣ್ಣವನ್ನು ಓವನ್‌ನಲ್ಲಿ ನೂರು ಡಿಗ್ರಿಗಿಂತ ಮೇಲೆ ಬೇಯಿಸುತ್ತಾರೆ, ಅದು ಮತ್ತೆ ಕರಗುವುದಿಲ್ಲ. ಸಿಂಥೆಟಿಕ್ ಎನಾಮಲ್ ಹಾಗಲ್ಲ. ಅದು ಗಾಳಿಯ ಆಮ್ಲಜನಕ ಹೀರಿ ಮೇಲಿನಿಂದ ಕೆಳಗೆ ನಿಧಾನವಾಗಿ ಗಟ್ಟಿಯಾಗುವ ಬಣ್ಣ, ಕಿಟಕಿ ಕಂಬಿಗೆ ಬಳಿಯುವಂಥದ್ದು. ಎಷ್ಟು ಹಳೆಯದಾದರೂ ಪಿಯು ಬಣ್ಣದ ಜೋರಾದ ತಿನ್ನರ್ ತಾಗಿದರೆ ಉಬ್ಬುತ್ತದೆ. ಕೆಳಗೆ ಅಂಟಿಕೊಂಡಿರುವುದರಿಂದ ಅಗಲಕ್ಕೆ ಹೋಗಲು ಜಾಗ ಇಲ್ಲ, ಮೇಲಕ್ಕೆ ಏಳುತ್ತದೆ. ಅದೇ ಸುಕ್ಕು. ಮೊದಲ ಕೋಟ್ ತೆಳ್ಳಗಿತ್ತು, ತಿನ್ನರ್ ಬೇಗ ಹಾರಿಹೋಯಿತು. ಎರಡನೆಯದು ಒದ್ದೆ ಕೋಟ್. ನನ್ನ ತೆಳ್ಳಗಿನ ಎಪಾಕ್ಸಿ ಅಂಚುಗಳಲ್ಲಿ ಉಜ್ಜಿ ಸವೆದಿತ್ತು, ತಿನ್ನರ್ ಅಲ್ಲಿಂದಲೇ ಒಳಗೆ ಇಳಿಯಿತು. ಸುಕ್ಕು ಹ್ಯಾಂಡಲ್ ಕೆಳಗಿನ ಅಂಚಿನಲ್ಲಿ ಶುರುವಾದದ್ದು ಅದಕ್ಕೇ.

ತಿನ್ನರ್ ಬಟ್ಟೆಯ ಪರೀಕ್ಷೆಗೆ ಬೇಕಾದದ್ದು ಎರಡು ನಿಮಿಷ, ಐದು ರೂಪಾಯಿ ತಿನ್ನರ್. ಅದನ್ನು ನಾನು ನವೆಂಬರ್‌ನಲ್ಲೇ ಮಾಡಬೇಕಿತ್ತು. ಮಾಡದ್ದಕ್ಕೆ ಆ ಬಾಗಿಲು ಒಂಬತ್ತು ದಿನ ತಿಂದಿತು, 5,300 ರೂಪಾಯಿ ತಿಂದಿತು. ಒದ್ದೆ ಬಣ್ಣ, ಎಪಾಕ್ಸಿ, ಎನಾಮಲ್ ಎಲ್ಲಾ ಸೇರಿ ಅಂಟುಂಡೆಯಾಗಿ ಉಪ್ಪು ಕಾಗದಕ್ಕೆ ಮೆತ್ತಿಕೊಳ್ಳುತ್ತಿತ್ತು. ಅಪ್ಪ ಸ್ಟೂಲ್ ಮೇಲಿಂದ ಎದ್ದು ಬಂದು ಕಾಯಿ ತುರಿಯುವ ಕೆರೆಮಣೆಯ ಒಂದು ಹಳೇ ಬ್ಲೇಡ್ ಕೊಟ್ಟರು. ಇಡೀ ಪ್ರಾಜೆಕ್ಟಿನಲ್ಲಿ ಸಿಕ್ಕಿದ ಒಳ್ಳೇ ಹತಾರ ಅದು.

ಕ್ಯಾಬಿನ್ ಹೊಡೆದದ್ದು ಅದರ ಮುಂದಿನ ವಾರ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಏಳೂಮುಕ್ಕಾಲಿಗೆ ಶುರು, ಗಾಳಿ ಏಳುವ ಮೊದಲು ಹತ್ತಕ್ಕೆ ಮುಗಿಸಬೇಕು. ಸುತ್ತ ಟಾರ್ಪಾಲ್, ಧೂಳು ಏಳದ ಹಾಗೆ ನೆಲಕ್ಕೆ ನೀರು. ಬಾಡಿಗೆಗೆ ತಂದ ಕಂಪ್ರೆಸರ್‌ನಿಂದ ಗನ್‌ವರೆಗೆ ಉದ್ದ ಪೈಪ್ ಹಾಕಿ, ಪೈಪಿನ ನಡುಭಾಗ ನೀರು ತುಂಬಿದ ಬಕೆಟ್ಟಿನಲ್ಲಿ ಸುತ್ತಿಟ್ಟಿದ್ದೆವು. ಬಿಸಿ ಗಾಳಿ ಅಲ್ಲಿ ತಣ್ಣಗಾಗಿ ಅದರಲ್ಲಿನ ನೀರು ಅಲ್ಲೇ ಹನಿಯಾಗುತ್ತದೆ, ಫಿಲ್ಟರ್ ಅದನ್ನು ಹಿಡಿಯುತ್ತದೆ, ಬಣ್ಣದೊಳಗೆ ಬರುವುದಿಲ್ಲ. ಭಾಯ್ ಕೈ ನೋಡಬೇಕಿತ್ತು. ಗನ್ ತಗಡಿನಿಂದ ಒಂದು ಗೇಣು ದೂರ, ಮಣಿಕಟ್ಟು ತಿರುಗುವುದೇ ಇಲ್ಲ, ಇಡೀ ಮೈ ಪಕ್ಕಕ್ಕೆ ಜರುಗುತ್ತದೆ, ಒಂದು ಎಳೆತ ಹಿಂದಿನ ಎಳೆತದ ಅರ್ಧವನ್ನು ಮುಚ್ಚುತ್ತಾ ಹೋಗುತ್ತದೆ. ನಡುವೆ ಹದಿನೈದು ನಿಮಿಷ ಬಿಡುವು. ಆ ಹೊತ್ತಿನಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ಎಡಗಡೆ ಬಾಗಿಲನ್ನೇ ನೋಡುತ್ತಿದ್ದೆವು. ಏನೂ ಆಗಲಿಲ್ಲ. ಬಾನೆಟ್ ಮೇಲೆ ಮಾತ್ರ ಒಂದು ಸೊಳ್ಳೆ ಬಂದು ಕೂತಿತು. ಕೈ ಹಾಕಲು ಹೋದ ನನ್ನನ್ನು ಭಾಯ್ ತಡೆದರು. ನಾಲ್ಕು ದಿನ ಬಿಟ್ಟು ಅದರ ಕಾಲು ರೆಕ್ಕೆ ಒರೆಸಿ, 2000 ನಂಬರ್ ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್. ಈಗ ಎಲ್ಲಿತ್ತು ಅಂತ ನನಗೇ ಗೊತ್ತಾಗಲ್ಲ.

ಹಿಂದಿನ ಬಾಡಿಯ ಒಳಭಾಗಕ್ಕೆ ಪಿಯು ಹೊಡೆಸಲಿಲ್ಲ. ಎಪಾಕ್ಸಿಯ ಮೇಲೆ ಬ್ರಶ್‌ನಲ್ಲಿ ಅದೇ ಸಿಂಥೆಟಿಕ್ ಎನಾಮಲ್, ನಾನೇ ಬಳಿದೆ. ಅಪ್ಪ ಗೆದ್ದ ಹಾಗೆ ನೋಡಿದರು. ಕಾಯಿ ಹಾಕುವ ಜಾಗ ಅದು, ಗೀರು ಬೀಳುವುದೇ. ಗೀರಿದಾಗ ಒಂದು ಕಾಲು ಲೀಟರ್ ಡಬ್ಬ ತಂದು ಬಳಿದರೆ ಆಯಿತು. ಅಲ್ಲಿ ಪಿಯು ಹೊಡೆಯುವುದು ದುಡ್ಡು ಸುಡುವ ಕೆಲಸ. ಬಾಗಿಲಿನ ತೂತುಗಳಿಗೆ ಬಣ್ಣ ಹೊಡೆಯುವ ಮೊದಲು ಬೆಂಕಿಕಡ್ಡಿ ಸಿಕ್ಕಿಸಿಟ್ಟಿದ್ದೆ, ಆಮೇಲೆ ತೆಗೆದೆ. ಒಳಗೆ ಮೇಣದ ಸ್ಪ್ರೇ. ಹಳೇ ಎಂಜಿನ್ ಆಯಿಲ್ ಹಾಕೋಣ ಅಂತ ಅಪ್ಪ ಅಂದರು. ಬೇಡ ಅಂದೆ, ಅದು ರಬ್ಬರನ್ನೆಲ್ಲ ಉಬ್ಬಿಸುತ್ತದೆ, ಹೊಸ ಬೀಡಿಂಗ್‌ಗೆ 6,800 ಕೊಟ್ಟಿದ್ದೆ.

ಒಟ್ಟು 67,000 ರೂಪಾಯಿ. ಅದರಲ್ಲಿ ಮೇಲಿನ ಬಣ್ಣಕ್ಕೆ ಹೋದದ್ದು ಹಾರ್ಡನರ್ ಸೇರಿ 9,600 ಮಾತ್ರ, ಭಾಯ್ ಕೂಲಿ 12,000. ನನ್ನ ಕೂಲಿ ಲೆಕ್ಕ ಹಾಕಿಲ್ಲ. ಹಾಕಿದರೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಗಾಡಿ ಬರುತ್ತಿತ್ತು ಅಂತ ಭಾವ ಹೇಳುತ್ತಾರೆ. ಇರಬಹುದು.

ಮಾರ್ಚ್ ಮೊದಲ ವಾರ ಎಲ್ಲಾ ಜೋಡಿಸಿ ಮುಗಿಯಿತು. ಎಫ್‌ಸಿಗೆ ಇನ್ನೂ ಅರ್ಜಿ ಹಾಕಿಲ್ಲ. ಒಂದು ಮಳೆಗಾಲ ಶೆಡ್ಡಿನ ಹೊರಗೆ ಬೇಕಂತಲೇ ನಿಲ್ಲಿಸೋಣ, ಏನೇನು ಹೊರಬರುತ್ತದೋ ಬರಲಿ ಅಂದುಕೊಂಡೆ. ಆಗಸ್ಟ್‌ನಲ್ಲಿ ಬಂತು. ಟಾಪಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿಯಿದೆಯಲ್ಲ, ಬಲಗಡೆ, ಹಿಂದಿನ ಮೂಲೆಯಲ್ಲಿ ರಾಗಿಕಾಳಿನಷ್ಟು ಒಂದು ಗುಳ್ಳೆ. ಸೂಜಿಯಲ್ಲಿ ಚುಚ್ಚಿದೆ. ಕಂದು ನೀರು ಬಂತು. ಬ್ಲೇಡ್‌ನಲ್ಲಿ ಬಿಡಿಸಿ ನೋಡಿದರೆ ಸಂದು ಮುಚ್ಚಲು ಕಂಪನಿಯವರು ಹಾಕಿದ್ದ ಹಳೇ ಸೀಲೆಂಟ್ ಅಲ್ಲೇ ಇತ್ತು. ಗಟ್ಟಿಯಾಗಿದೆ ಅಂತ ನಾನು ಅದನ್ನು ಕೀಳದೆ ಅದರ ಮೇಲೇ ಪ್ರೈಮರ್ ಹೊಡೆದಿದ್ದೆ.

ಈ ಸಲ ಭಾಯ್ ಕೇಳುವ ಮೊದಲೇ ಫೋನ್ ಮಾಡಿ ಹೇಳಿದೆ. ಎರಡೂ ಕಡೆಯ ದೋಣಿಯನ್ನೂ ಲೋಹದವರೆಗೆ ಬಿಡಿಸಿಟ್ಟಿರು, ಸೋಮವಾರ ಬರ್ತೀನಿ ಅಂದಿದ್ದಾರೆ. ಬಲಗಡೆಯದು ಮುಗಿದಿದೆ. ಎಡಗಡೆಯದರಲ್ಲಿ ಗುಳ್ಳೆ ಇಲ್ಲ, ನೋಡಲು ಚೆನ್ನಾಗಿಯೇ ಇದೆ. ಕೆರೆಮಣೆ ಬ್ಲೇಡ್ ಹುಡುಕುತ್ತಿದ್ದೀನಿ.